ಇದ್ದಿಲ ಗುರುತು

ಕೊರಳಿಗೆ ತೂಗುಹಾಕಿದ ಬ್ಯಾಡ್ಜು ಪದೇಪದೇ ತಿರುವುಮುರುವಾಗುತ್ತಿತ್ತು. 'ಮುಖ್ಯ ಅತಿಥಿ' ಎಂದು ಬರೆದ ಮಗ್ಗುಲು ಒಳಗೆ ಹೋಗಿ ಏನೂ ಬರೆಯದ ಬಿಳಿ ಮಗ್ಗುಲು ಹೊರಗೆ ಬಂದಾಗಲೆಲ್ಲ ಅವಳಿಗೆ ಒಂದು ಗಳಿಗೆ ಹಾಯೆನಿಸುತ್ತಿತ್ತು. ಆದರೆ ಪಕ್ಕದಲ್ಲೇ ಕೂತ ವಿಭಾಗದ ಮುಖ್ಯಸ್ಥೆ ಬಿಡುವವಳಲ್ಲ. ಕೈಚಾಚಿ, ಮಗುವಿನ ಅಂಗಿಗೆ ಗುಂಡಿ ಹಾಕುವವಳ ಹಾಗೆ, ಅದನ್ನು ಮತ್ತೆ ನೆಟ್ಟಗೆ ಮಾಡುತ್ತಿದ್ದಳು. ಇಬ್ಬರೂ ಇದೇ ಕಟ್ಟಡದಲ್ಲಿ ಒಂದೇ ಬೆಂಚಿನ ಮೇಲೆ ಕೂತು ಭೂವಿಜ್ಞಾನ ಓದಿದವರು. ಒಬ್ಬಳು ಇಲ್ಲೇ ಉಳಿದು ಪಾಠ ಹೇಳಿದಳು, ಇನ್ನೊಬ್ಬಳು ಪರಿಸರ ಸಲಹಾ ಸಂಸ್ಥೆಯೊಂದನ್ನು ಸೇರಿ ಇಪ್ಪತ್ತೇಳು ವರ್ಷ ವರದಿ ಬರೆದಳು. "ಏನೇ ಇಷ್ಟು ಬೆವರ್ತಿದ್ದೀಯ? ಮಂತ್ರಿಗಳ ಮುಂದೆ ಮಾತಾಡೋಳು, ಈ ಮಕ್ಕಳ ಮುಂದೆ ಹೆದರ್ತೀಯಾ?" ಎಂದು ಮುಖ್ಯಸ್ಥೆ ಕಿವಿಯಲ್ಲಿ ನಕ್ಕಳು. ಇವಳೂ ನಕ್ಕಳು. ಹೆದರಿಕೆ ಮಕ್ಕಳದ್ದಲ್ಲ ಎಂದು ಹೇಳುವಂತಿರಲಿಲ್ಲ. ಎರಡನೇ ಸಾಲಿನ ತುದಿಯ ಕುರ್ಚಿಯಲ್ಲಿ, ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು, ಸಾಣೆ ಮಾಮ ಕೂತಿದ್ದರು. ಅವರು ಬರುತ್ತಾರೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಜ್ವರವೆಂದು ನೆಪ ಹೂಡಿ ಮನೆಯಲ್ಲೇ ಉಳಿಯುತ್ತಿದ್ದಳು. ಅಷ್ಟರ ಮಟ್ಟಿಗೆ ಅವಳು ತನ್ನನ್ನು ತಾನು ಬಲ್ಲವಳು.

ಸಾಣೆ ಮಾಮ ಎಂಬುದು ಹುಡುಗರು ಇಟ್ಟ ಹೆಸರು. ಮೂವತ್ತೈದು ವರ್ಷ ಅವರು ಈ ವಿಭಾಗದ ಕಲ್ಲು ತೇಯುವ ಕೋಣೆಯ ಕೆಲಸಗಾರರಾಗಿದ್ದರು. ವಿದ್ಯಾರ್ಥಿಗಳು ಗುಡ್ಡಬೆಟ್ಟ ಅಲೆದು ಹೊತ್ತು ತಂದ ಕಲ್ಲನ್ನು ಗರಗಸದಲ್ಲಿ ಕೊಯ್ದು, ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಒದ್ದೆ ಪುಡಿಯ ಮೇಲೆ ಗುಂಡಗೆ ತೇಯುತ್ತ ತೇಯುತ್ತ, ಕೊನೆಗೆ ಅದರೊಳಗಿಂದ ಬೆಳಕು ಹಾಯುವಷ್ಟು ತೆಳ್ಳಗೆ ಮಾಡುವುದು ಅವರ ಕಸುಬು. ಕೂದಲಿಗಿಂತ ತೆಳ್ಳಗೆ. ಸಾಕು ಎನ್ನುವ ಹೊತ್ತಿಗೆ ಕೈ ನಿಲ್ಲಬೇಕು. ಇನ್ನೊಂದು ಸುತ್ತು ತೇದರೆ ಕಲ್ಲೇ ಇರುವುದಿಲ್ಲ, ಬರೀ ಗಾಜು. ಮೊದಲ ವರ್ಷ ಅವಳು ಹನ್ನೊಂದು ಚೂರುಗಳನ್ನು ಹೀಗೆ ಇಲ್ಲವಾಗಿಸಿದಳು. ಹನ್ನೊಂದನೆಯದು ಹೋದ ದಿನ ಗೋಡೆಗೆ ಮುಖ ಮಾಡಿ ಅತ್ತಳು. ಮಾಮ ಬೈಯಲಿಲ್ಲ. "ಅವಸರದಮ್ಮಾ, ತೇಯೋದು ಯಾರು ಬೇಕಾದ್ರೂ ತೇಯ್ತಾರೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ಕೆಲಸ" ಎಂದು ಹನ್ನೆರಡನೆಯದನ್ನು ತಾವೇ ತೇದುಕೊಟ್ಟರು, ಯಾರಿಗೂ ಹೇಳಲಿಲ್ಲ. ಆ ಚೂರಿಗೆ ಅವಳಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಈಗ ಯೋಚಿಸಿದರೆ ತನ್ನ ವೃತ್ತಿಯ ಮೊದಲ ಸುಳ್ಳು ಅದೇ ಇರಬೇಕು, ಅದನ್ನೂ ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಂಡದ್ದು. ಅವಸರದಮ್ಮ ಎಂಬ ಹೆಸರು ಮಾತ್ರ ಹಾಗೇ ಉಳಿಯಿತು.

ಮುಖ್ಯಸ್ಥೆ ಎದ್ದು ಪರಿಚಯ ಓದತೊಡಗಿದಳು. ಇವಳ ಸಂಸ್ಥೆಯ ಜಾಲತಾಣದಿಂದ ಎತ್ತಿದ ವಾಕ್ಯಗಳು. ಅವನ್ನು ಬರೆದವಳೂ ಇವಳೇ. ಗಣಿ, ಅಣೆಕಟ್ಟು, ಹೆದ್ದಾರಿ, ಬಡಾವಣೆಗಳ ಇನ್ನೂರಕ್ಕೂ ಹೆಚ್ಚು ಪರಿಸರ ವರದಿಗಳನ್ನು ಬರೆದವರು, ಕಳೆದ ಹತ್ತು ವರ್ಷಗಳಿಂದ ಹವಾಮಾನ ಬದಲಾವಣೆಯ ಪರಿಣಾಮಗಳನ್ನು ಅಂದಾಜು ಮಾಡುವ ತಂಡವನ್ನು ನಡೆಸುತ್ತಿರುವವರು, 'ಸಾವಿರಾರು ಕುಟುಂಬಗಳಿಗೆ ಸುರಕ್ಷಿತ ನೆಲೆಯನ್ನು ಖಾತ್ರಿಪಡಿಸಿದವರು'. ಚಪ್ಪಾಳೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಕೈ ತಾನಾಗಿ ಬ್ಯಾಡ್ಜಿಗೆ ಹೋಯಿತು, ಕಣ್ಣು ಎರಡನೇ ಸಾಲಿಗೆ. ಸಾಣೆ ಮಾಮ ಎಲ್ಲರಿಗಿಂತ ಜೋರಾಗಿ, ಕೈಗಳನ್ನು ಎದೆಯ ಮಟ್ಟಕ್ಕೆತ್ತಿ ಚಪ್ಪಾಳೆ ತಟ್ಟುತ್ತಿದ್ದರು. ಆ ಸಾವಿರಾರು ಕುಟುಂಬಗಳಲ್ಲಿ ಒಂದು ಅವರದು. ನದಿ ದಂಡೆಯ ಹೊಸ ಬಡಾವಣೆ, ಮೂರನೇ ಅಡ್ಡರಸ್ತೆ, ಮೂಲೆ ಮನೆ. ಎಂಟು ತಿಂಗಳ ಹಿಂದೆ ಆ ಮನೆಯೊಳಗೆ ಎರಡು ದಿನ ಎದೆಮಟ್ಟ ನೀರು ನಿಂತಿತ್ತು. ಆ ಎಂಟು ತಿಂಗಳಲ್ಲಿ ಅವಳು ಒಂದು ಸಲವೂ ಅವರಿಗೆ ಫೋನ್ ಮಾಡಿರಲಿಲ್ಲ.

ಮಾತು ಶುರುವಾಯಿತು. ನೂರು ಸಲ ಆಡಿದ ಮಾತು, ಬಾಯಿಗೆ ದಾರಿ ಗೊತ್ತಿತ್ತು, ಅವಳು ಜೊತೆಗಿರಬೇಕಾದ ಅಗತ್ಯವೇ ಇರಲಿಲ್ಲ. ಪರದೆಯ ಮೇಲೆ ಭೂಮಿಯ ಬಿಸಿ ಏರುವ ಗೆರೆ ಬಂತು, ಎಂಬತ್ತು ವರ್ಷದ ಮುಂದೆ ಸಮುದ್ರ ಯಾವ ಬೀದಿಯವರೆಗೆ ಬರುತ್ತದೆ ಎಂಬ ನೀಲಿ ನಕ್ಷೆ ಬಂತು. ಹುಟ್ಟದ ಮೊಮ್ಮಕ್ಕಳ ಕಾಲದ ಸಮುದ್ರದ ಬಗ್ಗೆ ಅವಳು ನಿರರ್ಗಳವಾಗಿ ಮಾತಾಡಬಲ್ಲಳು. ಒಳಗಿನ ಪರದೆಯ ಮೇಲೆ ಮಾತ್ರ ಬೇರೆ ಚಿತ್ರ: ಆ ನದಿ ದಂಡೆಯ ಬಡಾವಣೆಯ ವರದಿ ಬರೆಯುವಾಗ ಹೊಕ್ಕಿದ್ದ ನೀರಾವರಿ ಕಚೇರಿಯ ನೆಲಮಾಳಿಗೆ, ಧೂಳು, ಹಳದಿ ಬಲ್ಬು, ನಲವತ್ತು ವರ್ಷದ ಹಿಂದಿನ ಒಂದು ನೋಟುಪುಸ್ತಕ. ಸೇತುವೆಯ ಬುಡದಲ್ಲಿ ನದಿಯ ಮಟ್ಟ ಅಳೆಯುವ ಕಂಬವೊಂದಿತ್ತು. ದಿನಕ್ಕೆ ಎರಡು ಹೊತ್ತು ಹೋಗಿ ನೀರು ಯಾವ ಅಂಕಿಗಿದೆ ಎಂದು ಬರೆದಿಡುವುದಕ್ಕೆ ಒಬ್ಬ ಅಳತೆಗಾರ ಇದ್ದ. ಆತ ಹನ್ನೊಂದು ವರ್ಷ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಕೊನೆಯ ಪುಟದಲ್ಲಿ, ನೀರು ಬಿದ್ದು ಹರಡಿದ ಶಾಯಿಯಲ್ಲಿ, ಹೀಗೆ ಬರೆದಿದ್ದ: 'ಕಂಬ ಮುಳುಗಿದೆ. ಪಂಪ್‌ಮನೆ ಗೋಡೆಗೆ ಇದ್ದಿಲಿನಲ್ಲಿ ಗುರುತು ಹಾಕಿದ್ದೇನೆ. ಬಾಗಿಲಿನ ಮೇಲ್ತುದಿಯಿಂದ ಎರಡು ಗೇಣು ಕೆಳಗೆ. ಒಂಬತ್ತು ಮುಕ್ಕಾಲು ಮೀಟರ್ ಇರಬಹುದು.' ಮಾರನೆಯ ದಿನ ಕಂಬವೇ ಕೊಚ್ಚಿಹೋಯಿತು. ಹೊಸ ಕಂಬ ನೆಟ್ಟದ್ದು ಎರಡು ವರ್ಷದ ಮೇಲೆ, ಅರ್ಧ ಮೈಲಿ ಮೇಲಕ್ಕೆ.

ಅವಳು ಆ ಪಂಪ್‌ಮನೆಗೂ ಹೋಗಿ ಬಂದಿದ್ದಳು. ಇದು ಯಾರಿಗೂ ಗೊತ್ತಿಲ್ಲದ ಸಂಗತಿ. ಗೋಡೆಗೆ ಎಷ್ಟೋ ಸಲ ಸುಣ್ಣ ಹೊಡೆದಿದ್ದರು, ಇದ್ದಿಲ ಗೀಟು ಕಾಣುತ್ತಿರಲಿಲ್ಲ, ಬಾಗಿಲು ಮಾತ್ರ ಅದೇ. ಮೇಲ್ತುದಿಯಿಂದ ಎರಡು ಗೇಣು ಇಳಿದು ಬೆರಳಿಟ್ಟು, ಅಲ್ಲಿಂದ ಅಳತೆಟೇಪು ಇಳಿಬಿಟ್ಟು, ಎತ್ತರ ಕೆತ್ತಿದ ಸಮೀಕ್ಷೆಯ ಕಲ್ಲಿಗೆ ಹೋಲಿಸಿ ಲೆಕ್ಕ ಹಾಕಿದಾಗ ಒಂಬತ್ತು ಮುಕ್ಕಾಲಕ್ಕೆ ಎರಡು ಬೆರಳಿನ ವ್ಯತ್ಯಾಸ ಬಂತು, ಅಷ್ಟೆ. ಆ ಅಪರಿಚಿತ ಅಳತೆಗಾರ ಕೊರಳಮಟ್ಟದ ನೀರಲ್ಲಿ ನಿಂತು ಗುರುತು ಹಾಕಿ ಬರೆದ 'ಇರಬಹುದು' ತನ್ನ ಎಷ್ಟೋ ವರದಿಗಳ 'ಖಚಿತವಾಗಿ'ಗಿಂತ ಗಟ್ಟಿಯಾಗಿತ್ತು. ಆ ಅಂಕಿಯನ್ನು ಲೆಕ್ಕಕ್ಕೆ ಸೇರಿಸಿದರೆ, ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಗೆರೆ ಬಡಾವಣೆಯ ಮುಕ್ಕಾಲು ಭಾಗವನ್ನು ನುಂಗುತ್ತಿತ್ತು. ಬಿಟ್ಟು, ಹೊಸ ಕಂಬದ ಅಂಕಿಗಳನ್ನಷ್ಟೇ ಇಟ್ಟುಕೊಂಡರೆ ಅದೇ ಗೆರೆ ಬಡಾವಣೆಯ ಬೇಲಿಯ ಪಕ್ಕದಲ್ಲಿ ಮರ್ಯಾದೆಯಿಂದ ಹಾದುಹೋಗುತ್ತಿತ್ತು. ಎರಡು ನಕ್ಷೆಗಳನ್ನೂ ಅವಳು ಸಂಸ್ಥೆಯ ಹಿರಿಯ ಪಾಲುದಾರರ ಮೇಜಿನ ಮೇಲಿಟ್ಟಳು. ಸುಳ್ಳು ಬರಿ ಎಂದು ಅವರು ಯಾವತ್ತೂ ಹೇಳಿದವರಲ್ಲ. "ಕಂಬದ ಮೇಲಿನ ಅಂಕಿಗೆ ದಾಖಲೆ ಇದೆ. ಗೋಡೆ ಮೇಲಿನ ಗೀಟಿಗೆ ಏನಿದೆ? ನಾಳೆ ಯಾರಾದ್ರೂ ಕೇಳಿದ್ರೆ ಯಾವುದನ್ನ ಸಮರ್ಥಿಸ್ಕೊಳ್ಳೋಕಾಗುತ್ತೋ ಅದನ್ನ ಇಡಿ. ನಿಮಗೆ ಬಿಟ್ಟಿದ್ದು" ಎಂದರು. ನಿಮಗೆ ಬಿಟ್ಟಿದ್ದು. ಅವಳು ಬೇಲಿಯ ಪಕ್ಕದ ಗೆರೆಯನ್ನು ಇಟ್ಟಳು. ಇದ್ದಿಲ ಗುರುತನ್ನು ನೂರ ನಲವತ್ತಮೂರನೇ ಪುಟದ ತಳಕ್ಕೆ, ಇರುವೆ ಗಾತ್ರದ ಅಕ್ಷರದ ಅಡಿಟಿಪ್ಪಣಿಗೆ ಇಳಿಸಿದಳು: 'ಹಿಂದಿನ ಒಂದು ಮಟ್ಟ, ಕಂಬದ ಮೇಲೆ ದಾಖಲಾಗಿಲ್ಲವಾದ್ದರಿಂದ, ಪರಿಗಣಿಸಿಲ್ಲ.' ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ದಿನ ಕಚೇರಿಯಿಂದ ಹೊರಟಾಗ ಅವಳಿಗೆ ತಾನು ಏನನ್ನೂ ಮುಚ್ಚಿಟ್ಟಿಲ್ಲ ಎಂಬ ಸಮಾಧಾನ ಕೂಡ ಇತ್ತು. 

"...ಆದ್ದರಿಂದ ನಮ್ಮ ವೃತ್ತಿಯಲ್ಲಿ ನಂಬಿಕೆಯೇ ಬಂಡವಾಳ" ಎಂದು ಬಾಯಿ ಹೇಳುತ್ತಿರುವುದು ಅವಳಿಗೆ ಕೇಳಿಸಿತು. ಯಾರೋ ಟಿಪ್ಪಣಿ ಮಾಡಿಕೊಂಡರು. ವರದಿಗೇನು, ಕಾಗದ, ಕಾಗದಕ್ಕೆ ಎಲ್ಲ ಕಂಪನಿಗಳೂ ಒಂದಲ್ಲ ಒಂದು ಬಣ್ಣ ಹಚ್ಚುತ್ತವೆ ಎಂದು ಅವಳು ತನಗೆ ತಾನೇ ವಾದಿಸಿ ಗೆದ್ದುಬಿಡುತ್ತಿದ್ದಳೇನೋ, ಆ ಎರಡು ಫೋನುಗಳು ಬರದಿದ್ದರೆ. ಮೊದಲನೆಯದು ತಂಗಿಯದು, ಮೂರು ವರ್ಷದ ಹಿಂದೆ. "ಅಕ್ಕಾ, ಆ ನದಿ ಪಕ್ಕದ ಬಡಾವಣೇಲಿ ಮನೆ ನೋಡ್ತಿದ್ದೀವಿ. ವರದಿ ನಿಂದೇ ಅಂತಲ್ಲ, ಹೇಗಿದೆ?" ಅವಳು ಉಸಿರೂ ತೆಗೆದುಕೊಳ್ಳದೆ "ಬೇಡ ಕಣೇ" ಎಂದಿದ್ದಳು. ಯಾಕೆ ಎಂದರೆ, "ಸೊಳ್ಳೆ ಜಾಸ್ತಿ. ಬೇಡ ಅಂದ್ರೆ ಬೇಡ." ಒಂದು ವಾರ ಕಳೆಯಿತು. ಕಚೇರಿಯ ಕಾಫಿ ಯಂತ್ರದ ಕೆಳಗೆ ಲೋಟ ಇಟ್ಟು ನಿಂತಿದ್ದಾಗ ಸಾಣೆ ಮಾಮನ ಫೋನು ಬಂತು. ನಿವೃತ್ತರಾದ ಸಂಭ್ರಮ ದನಿಯಲ್ಲಿತ್ತು. "ಅವಸರದಮ್ಮಾ, ನದಿ ಪಕ್ಕದ ಬಡಾವಣೇಲಿ ಮನೆ ತಗೋತಿದ್ದೀವಿ, ನಾಳೆ ಸಹಿ. ವರದಿಯ ಕೊನೇ ಪುಟದಲ್ಲಿ ನಿನ್ನ ಹೆಸರು ನೋಡಿ ನಿಮ್ಮತ್ತೆಗೆ ತೋರಿಸ್ದೆ. ನಮ್ಮ ಹುಡುಗಿ ಬರ್ದಿದ್ದು ಅಂದೆ. ಒಂದು ವಿಷಯ ಕೇಳ್ಬೇಕಿತ್ತು..." ಲೋಟ ತುಂಬಿ ಕಾಫಿ ಹೊರಗೆ ಚೆಲ್ಲತೊಡಗಿತು. "ಒಳ್ಳೇದಾಯ್ತು ಮಾಮ, ತುಂಬಾ ಒಳ್ಳೇದಾಯ್ತು. ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದಳು. ಯಾವ ಮೀಟಿಂಗೂ ಇರಲಿಲ್ಲ. ಆಮೇಲೆ ಮಾಡಲೂ ಇಲ್ಲ. ತಂಗಿಗೆ ಥಟ್ಟನೆ ಹೊಳೆದ ಸೊಳ್ಳೆ ಮಾಮನಿಗೆ ಹೊಳೆಯಲಿಲ್ಲ. ತಂಗಿ ಸೊಳ್ಳೆ ಎಂದರೆ ನಂಬಿಬಿಡುತ್ತಾಳೆ, ಮಾಮ ಯಾಕೆ ಎಂದು ಕೇಳಿದರೆ ನಿಜವಾದ ಉತ್ತರ ಕೊಡಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ. ನೀರು ಬಂದ ದಿನ ತಂಗಿ ಒಂದು ಸಂದೇಶ ಕಳಿಸಿದ್ದಳು: 'ಅಕ್ಕಾ, ಟಿವಿ ನೋಡಿದ್ಯಾ? ಅವತ್ತು ನೀನು ತಡೆದಿದ್ದಕ್ಕೆ ಬದುಕಿದ್ವಿ.' ಕೊನೆಯಲ್ಲಿ ಮುಗಿದ ಎರಡು ಕೈಗಳ ಚಿತ್ರ. ಅದನ್ನು ಅವಳು ಅಳಿಸಿಹಾಕಿದಳು. ಅಳಿಸಿದ ಮೇಲೂ ಆ ಎರಡು ಕೈಗಳು ಹೋಗಲಿಲ್ಲ.

ಪ್ರಶ್ನೆಗಳ ಹೊತ್ತು ಬಂತು. ಕನ್ನಡಕದ ಹುಡುಗಿಯೊಬ್ಬಳು ಎದ್ದು ನಿಂತು, ಕೈಯಲ್ಲಿದ್ದ ಚೀಟಿ ನೋಡಿಕೊಂಡು ಕೇಳಿದಳು: "ಮೇಡಂ, ನೆರೆಯ ಲೆಕ್ಕ ಮಾಡುವಾಗ ಯಾವ ವರ್ಷದಿಂದ ಅಂಕಿ ತಗೋಬೇಕು, ಯಾವುದನ್ನ ಬಿಡ್ಬೇಕು ಅಂತ ಹೇಗೆ ತೀರ್ಮಾನ ಮಾಡ್ತೀರಿ?" ಪಾಪ, ಪರೀಕ್ಷೆಗೆ ಬೇಕಾಗಿ ಕೇಳಿದ ಪ್ರಶ್ನೆ. ಅವಳು ಒಮ್ಮೆ ಎರಡನೇ ಸಾಲಿನ ತುದಿಯತ್ತ ನೋಡಿದಳು. ಆದರೂ ಉತ್ತರ ಬಂತು, ಒಂದೂ ತೊದಲದೆ, ಒಂದೂ ತಪ್ಪಿಲ್ಲದೆ: ದತ್ತಾಂಶ ಏಕರೂಪವಾಗಿರಬೇಕು, ಅಳತೆಯ ಜಾಗ ಬದಲಾದರೆ ಹಳೆಯದನ್ನು ಹೊಸದರ ಜೊತೆ ಬೆರೆಸಬಾರದು, ಅನುಮಾನವಿದ್ದ ಅಂಕಿಯನ್ನು ಟಿಪ್ಪಣಿಯಲ್ಲಿ ತೋರಿಸಿದರೆ ಸಾಕು. ಹುಡುಗಿ ಅಷ್ಟನ್ನೂ ಬರೆದುಕೊಂಡಳು. ನಾಳೆ ಈ ಹುಡುಗಿಯೂ ಎಲ್ಲೋ ಒಂದು ಪಂಪ್‌ಮನೆಯ ಗೋಡೆಯ ಮುಂದೆ ಟೇಪು ಹಿಡಿದು ನಿಲ್ಲುತ್ತಾಳೆ, ತನ್ನ ಈ ಉತ್ತರ ಅವಳಿಗೆ ನೆನಪಾಗುತ್ತದೆ. 'ಅದನ್ನು ಬರೆದುಕೊಳ್ಳಬೇಡ ಮಗು' ಎನ್ನಬೇಕೆಂದು ಗಂಟಲವರೆಗೆ ಬಂತು. ಅಷ್ಟರಲ್ಲಿ ಮುಖ್ಯಸ್ಥೆ ಧನ್ಯವಾದ ಹೇಳಲು ಎದ್ದಳು, ಬಂದದ್ದು ಕೆಳಗಿಳಿಯಿತು. ಮತ್ತೆ ಚಪ್ಪಾಳೆ.

ಚಹಾ ಕುಡಿದು ಮುಗಿಯುವ ಮೊದಲೇ ಸಾಣೆ ಮಾಮ ಜನರನ್ನು ಸರಿಸಿಕೊಂಡು ಬಂದು ಅವಳ ಮೊಣಕೈ ಮುಟ್ಟಿದರು. "ಬಾ ಅವಸರದಮ್ಮಾ, ನಮ್ಮ ಕೋಣೆ ನೋಡ್ಕೊಂಡು ಬರೋಣ. ಅದೇ ನೆಪ ಮಾಡ್ಕೊಂಡು ಬಂದೆ ನಾನು." ಮುಖ್ಯಸ್ಥೆ "ಹತ್ತು ನಿಮಿಷದಲ್ಲಿ ಫೋಟೊ ಇದೆ, ತಪ್ಪಿಸ್ಬೇಡಿ" ಎಂದು ಕೂಗಿದಳು. ಓಣಿಯಂಥ ಹಾದಿಯಲ್ಲಿ ಮಾಮ ಮುಂದೆ, ಅವಳು ಹಿಂದೆ. ಅವರ ನಡಿಗೆ ನಿಧಾನವಾಗಿತ್ತು, ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದರು. ಇದು ಮೊದಲೇ ಇತ್ತೋ, ನೀರು ಬಂದ ಮೇಲೋ ಎಂದು ಅವಳು ಕೇಳಲಿಲ್ಲ. ಕೋಣೆಯಲ್ಲಿ ಈಗ ಕಲ್ಲು ತೇಯುವುದಕ್ಕೆ ಯಂತ್ರ ಬಂದಿತ್ತು. ಆದರೂ ಕಿಟಕಿಯ ಕೆಳಗೆ ಹಳೆಯ ದಪ್ಪ ಗಾಜಿನ ಹಲಗೆ ಹಾಗೇ ಇತ್ತು, ಮೂವತ್ತೈದು ವರ್ಷ ಒಂದೇ ಕೈ ಸುತ್ತಿ ನಡುವೆ ತಗ್ಗಾಗಿದ್ದ ಹಲಗೆ. ಒದ್ದೆ ಪುಡಿಯ ವಾಸನೆಯೂ ಅದೇ. ಮಾಮ ತಮ್ಮ ಸ್ಟೂಲಿನ ಮೇಲೆ ಕೂತರು, ಅವಳಿಗೆ ಎದುರಿನದನ್ನು ತೋರಿಸಿದರು. ಅವಳು ಅತ್ತದ್ದು ಅಲ್ಲೇ.

"ಮನೆ ಹೇಗಿದೆ ಮಾಮ?" ಎಂದಳು. ಕೇಳಿದ ಮೇಲೆ, ಎಂಟು ತಿಂಗಳು ತಡವಾಗಿ ಬಂದ ಆ ಪ್ರಶ್ನೆಯ ಸಣ್ಣತನಕ್ಕೆ ಕಿವಿ ಬಿಸಿಯಾಯಿತು.

"ಮನೆಗೇನು, ಒಣಗಿದೆ. ಗೋಡೆ ಕೆರೆಸಿ ಬಣ್ಣ ಬಳಿಸ್ದೆ. ಈಗ ನೋಡಿದವರಿಗೆ ನೀರು ಬಂದಿತ್ತು ಅಂತಾನೇ ಗೊತ್ತಾಗಲ್ಲ. ಒಣಗದೆ ಇರೋಳು ನಿಮ್ಮತ್ತೆ." ಮಾಮ ನಕ್ಕರು. "ಮೋಡ ಕಂಡ್ರೆ ಸಾಕು, ಹಾಸಿಗೆ, ಪಾತ್ರೆ, ಕಾಗದಪತ್ರ ಎಲ್ಲ ಅಟ್ಟಕ್ಕೆ ಸಾಗಿಸ್ತಾಳೆ. ಬಿಸಿಲು ಬಂದ್ರೆ ಇಳಿಸ್ತಾಳೆ. ಹತ್ತಿ ಇಳಿದು ಮಂಡಿ ಹೋಗಿದೆ. ನಗೋ ಹಾಗೂ ಇಲ್ಲ, ಬೈಯೋ ಹಾಗೂ ಇಲ್ಲ."

"ನಾನು ಫೋನ್ ಮಾಡ್ಬೇಕಿತ್ತು. ಕೆಲಸ..."

"ಬಿಡು, ನಿನ್ನ ಕೆಲಸ ನನಗೆ ಗೊತ್ತಿಲ್ವಾ? ಪ್ರಪಂಚದ್ದೇ ನೋಡ್ಕೋಬೇಕು ನೀನು." ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. "ಈಗ ವಿಷಯ ಕೇಳು. ಮನೆ ಮಾರೋಣ ಅಂತ. ಬೇರೆ ಊರಿಂದ ಬಂದ ಮೇಷ್ಟ್ರೊಬ್ಬರಿಗೆ ಒಪ್ಪಿಗೆಯಾಗಿದೆ. ಹೆಂಡ್ತಿ, ಎರಡು ಚಿಕ್ಕ ಮಕ್ಕಳು. ಸಾಯಂಕಾಲ ಮಾತು ಮುಗಿಸೋಕೆ ಬರ್ತಾರೆ. ನೀರು ಬಂದಿದ್ದು ನಾನು ಮುಚ್ಚಿಡ್ಲಿಲ್ಲಪ್ಪ, ಹೇಳ್ದೆ. ಅದಕ್ಕವರು ನಗ್ತಾರೆ. ಅದು ನೂರು ವರ್ಷಕ್ಕೊಂದು ಸಲ ಬರೋ ನೆರೆ ಅಲ್ವಾ, ಬಂದು ಹೋಯ್ತಲ್ಲ, ಇನ್ನು ನಮ್ಮ ಮಕ್ಕಳ ಕಾಲಕ್ಕೂ ಬರಲ್ಲ ಅಂತಾರೆ. ವರದಿ ತೆಗೆದು ತೋರಿಸ್ತಾರೆ. ನಿನ್ನ ವರದಿಯನ್ನ ನನಗೇ ತೋರಿಸ್ತಾರೆ! ನನಗೆ ಉತ್ತರ ಬರ್ಲಿಲ್ಲ. ಅದಕ್ಕೆ ನಿನ್ನನ್ನೇ ಕೇಳೋಣ ಅಂತ ಬಂದೆ. ಮತ್ತೆ ಬರುತ್ತಾ? ಬರಲ್ಲ ಅಂದ್ರೆ ನೆಮ್ಮದಿಯಾಗಿ ಮಾರಿ, ನಿಮ್ಮತ್ತೆ ಮಂಡಿ ಉಳಿಸ್ಕೋತೀನಿ. ಬರುತ್ತೆ ಅಂದ್ರೆ, ಆ ಮಕ್ಕಳಿರೋ ಮನೆಯವರಿಗೆ ಹೇಗೆ ಕೊಡ್ಲಿ?"

ಅವಳು ನೆಟ್ಟಗೆ ಕೂತಳು. ವೇದಿಕೆಯ ದನಿ ತಾನಾಗಿ ಬಂತು. "ಮಾಮ, ನೂರು ವರ್ಷದ ನೆರೆ ಅಂದ್ರೆ ಪ್ರತಿ ವರ್ಷಾನೂ ಶೇಕಡಾ ಒಂದರಷ್ಟು ಸಂಭವ ಅಂತ. ಅದರಲ್ಲೂ ಹವಾಮಾನ ಬದಲಾಗ್ತಿರೋದ್ರಿಂದ ಅಂದಾಜಿನ ವ್ಯಾಪ್ತಿ..."

"ನನಗೆ ಶೇಕಡಾ ಬೇಡಮ್ಮ" ಎಂದರು ಮಾಮ. ಗಾಜಿನ ಹಲಗೆಯ ತಗ್ಗಿನಲ್ಲಿ ಹೆಬ್ಬೆರಳು ತಿರುಗಿಸುತ್ತಿದ್ದರು. "ನಿನಗೊಬ್ಬಳು ತಂಗಿ ಇದ್ದಳಲ್ಲ, ಎರಡು ಜಡೆ ಹಾಕ್ಕೊಂಡು ಇಲ್ಲಿಗೆ ಬಂದು ಬಣ್ಣಬಣ್ಣದ ಕಲ್ಲು ಕೇಳೋಳು. ಅವಳು ಕೇಳಿದ್ರೆ ಏನು ಹೇಳ್ತೀಯ? ಅದನ್ನ ಹೇಳು."

ಗೊತ್ತಿದ್ದು ಕೇಳುತ್ತಿದ್ದಾರೆಯೇ ಎಂದು ಅವಳು ಮುಖ ನೋಡಿದಳು. ಇಲ್ಲ. ಅವರಿಗೆ ಏನೂ ಗೊತ್ತಿಲ್ಲ. ತೇದ ಚೂರನ್ನು ಕಿಟಕಿಗೆ ಹಿಡಿದು ನೋಡುವಾಗ ಇರುತ್ತಿದ್ದಂಥ ಒಂದು ಕಣ್ಣು ಕಿರಿದಾದ ನೋಟ, ಅಷ್ಟೆ. ಬರಲ್ಲ ಎಂದರೆ ಸಾಯಂಕಾಲ ಮೇಷ್ಟರ ಮಕ್ಕಳು ಆ ಮನೆಯ ಅಂಗಳದಲ್ಲಿ ಓಡುತ್ತವೆ, ವರದಿ ನಿಜವಾಗುತ್ತದೆ, ಮಾಮ ಬೇರೆಲ್ಲೋ ಸುಖವಾಗಿರುತ್ತಾರೆ, ಅವಳು ಮತ್ತೆ ಅವರ ಕಣ್ಣಿಗೆ ಬೀಳಬೇಕಾಗಿಲ್ಲ. ಎಷ್ಟು ಸಲೀಸು. ಆ ಸಲೀಸು ಅವಳಿಗೆ ಪರಿಚಯವಿತ್ತು. ಕಾಫಿ ಯಂತ್ರದ ಮುಂದೆ ನಿಂತಿದ್ದಾಗ ಬಂದದ್ದೂ ಅದೇ.

"ಬರುತ್ತೆ ಮಾಮ" ಎಂದ ದನಿ ಅವಳದೇ ಎನಿಸಲಿಲ್ಲ. "ಹತ್ತು ವರ್ಷದೊಳಗೆ. ಎರಡು ಸಲ ಬಂದ್ರೂ ಆಶ್ಚರ್ಯ ಇಲ್ಲ."

ಮಾಮ ತಲೆಯಾಡಿಸಿದರು. ಸಿಟ್ಟಿಲ್ಲ, ಗಾಬರಿಯಿಲ್ಲ. ಜೇಬಿನಿಂದ ಫೋನು ತೆಗೆದು, ದೂರಕ್ಕೆ ಹಿಡಿದು, ಒಂದೊಂದೇ ಅಂಕಿ ಒತ್ತಿದರು. "ಮೇಷ್ಟ್ರೇ, ಸಾಯಂಕಾಲ ಬರ್ಬೇಡಿ. ಮನೆ ಕೊಡಲ್ಲ. ಇಲ್ಲ ಇಲ್ಲ, ಬೇರೆಯವರಿಗೂ ಕೊಡ್ತಿಲ್ಲ. ನೀರು ಮತ್ತೆ ಬರುತ್ತೆ. ವರದಿ ಬರೆದವರೇ ಹೇಳಿದ್ರು, ಇಲ್ಲೇ ನನ್ನ ಎದುರಿಗೇ ಕೂತಿದ್ದಾರೆ. ಮಕ್ಕಳಿರೋರು, ಎತ್ತರದಲ್ಲಿ ನೋಡ್ಕೊಳ್ಳಿ." ಫೋನು ಜೇಬಿಗೆ ಸೇರಿತು. ಒಂದೇ ಫೋನಿನಲ್ಲಿ ಮುಗಿಯುವ ಕೆಲಸ. ತಾನು ಮೂರು ವರ್ಷದಿಂದ ಮಾಡಲಾಗದೆ ಹೋದದ್ದು ಇಷ್ಟೇನೇ ಎಂದು ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

"ಈಗ ನೀವೇನ್ಮಾಡ್ತೀರಿ?"

"ಇರ್ತೀವಿ. ಅಟ್ಟ ಇನ್ನೊಂದಿಷ್ಟು ಗಟ್ಟಿ ಮಾಡಿಸ್ತೀನಿ." ಆಮೇಲೆ ಏನೋ ಸಣ್ಣ ವಿಷಯ ನೆನಪಾದವರ ಹಾಗೆ ಕೇಳಿದರು: "ಇದು ನಿನಗೆ ಯಾವಾಗ ಗೊತ್ತಾಯ್ತು?"

ನಿಜ ಹೇಳಲು ಬೇಕಾದ ಧೈರ್ಯವೆಲ್ಲ ಮೊದಲಿನ ಒಂದೇ ಮಾತಿಗೆ ಖರ್ಚಾಗಿಹೋಗಿತ್ತು. "ನೀರು ಬಂದ ಮೇಲೆ" ಎಂದಳು. "ಮತ್ತೆ ಲೆಕ್ಕ ಹಾಕಿ ನೋಡ್ದೆ ಮಾಮ. ಆಮೇಲೆ ಗೊತ್ತಾಯ್ತು."

"ಹೌದಾ" ಎಂದರು ಮಾಮ. ತೊಡೆಯ ಮೇಲಿದ್ದ ಬಟ್ಟೆಯ ಚೀಲದೊಳಗೆ ಕೈಹಾಕಿ ಒಂದು ಪುಸ್ತಕ ತೆಗೆದರು. ಅವಳಿಗೆ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ನೆನೆದು, ಬಿಸಿಲಿಗೆ ಒಣಗಿ, ಎರಡರಷ್ಟು ದಪ್ಪಗೆ ಉಬ್ಬಿದ ಅವಳ ವರದಿ. ಹಾಳೆಗಳು ಹಪ್ಪಳದ ಹಾಗೆ ಸೆಟೆದಿದ್ದವು, ಬಿಡಿಸಿದಾಗ ಒಣ ಕೆಸರು ಪುಡಿಪುಡಿಯಾಗಿ ಗಾಜಿನ ಹಲಗೆಯ ಮೇಲೆ ಉದುರಿತು. ಮಾಮ ಹುಡುಕಬೇಕಾಗಲಿಲ್ಲ, ಪುಟ ತಾನಾಗಿ ತೆರೆದುಕೊಂಡಿತು. ನೂರ ನಲವತ್ತಮೂರು. ತಳದ ಅಡಿಟಿಪ್ಪಣಿಯ ಕೆಳಗೆ ಪೆನ್ಸಿಲಿನ ಗೆರೆ ಎಳೆದಿತ್ತು. ನೀರಿಗೆ ಮಾಸಿದ್ದರೂ ಕಾಣುತ್ತಿತ್ತು. ಕೆಸರು ಆ ಗೆರೆಯ ಮೇಲೆ ಕೂತಿತ್ತು. ಅಂದರೆ ಗೆರೆ ನೀರಿಗಿಂತ ಮೊದಲಿನದು.

"ಅವತ್ತು ಫೋನಲ್ಲಿ ಕೇಳ್ಬೇಕು ಅಂತಿದ್ದಿದ್ದು ಇದನ್ನೇ" ಎಂದರು ಮಾಮ, ಬೆರಳಿಂದ ತೋರಿಸುತ್ತ. "ಈ 'ಹಿಂದಿನ ಒಂದು ಮಟ್ಟ' ಅಂದ್ರೆ ಏನು, ಯಾಕೆ ಬಿಟ್ಟಿದ್ದೀಯ ಅಂತ. ನೀನು ಒಳ್ಳೇದಾಯ್ತು ಅಂದ್ಬಿಟ್ಟೆ. ನನಗೇ ನಾಚಿಕೆ ಆಯ್ತು, ಕಲ್ಲು ತೇಯೋನು ಇಷ್ಟು ದೊಡ್ಡ ವರದಿಯಲ್ಲಿ ಹುಳುಕು ಹುಡುಕ್ತೀನಲ್ಲ ಅಂತ. ಮುಖ್ಯ ಆಗಿದ್ರೆ ನಮ್ಮ ಹುಡುಗಿ ಮೊದಲನೇ ಪುಟದಲ್ಲೇ ಹಾಕ್ತಿದ್ದಳು ಅಂದ್ಕೊಂಡು ಸುಮ್ಮನಾದೆ." ವರದಿಯನ್ನು ಮುಚ್ಚಿ ಅವಳ ಕೈಗಿಟ್ಟರು. "ಇದನ್ನ ನೀನೇ ಇಟ್ಕೋ. ನಮ್ಮನೇಲಿ ಅಟ್ಟಕ್ಕೆ ಹೊರೋ ಸಾಮಾನು ಒಂದು ಕಡಿಮೆಯಾಗ್ಲಿ."

ಬಾಗಿಲಲ್ಲಿ ಆ ಕನ್ನಡಕದ ಹುಡುಗಿ ಬಂದು ನಿಂತಿದ್ದಳು. "ಮೇಡಂ, ಫೋಟೊಗೆ ಎಲ್ಲರೂ ಕಾಯ್ತಿದ್ದಾರೆ."

ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ ಎಲ್ಲರೂ ಸಾಲಾಗಿ ನಿಂತಿದ್ದರು. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮುಖ್ಯಸ್ಥೆ ಅವಳನ್ನು ಮುಂದಿನ ಸಾಲಿಗೆ ಎಳೆದು, ಬ್ಯಾಡ್ಜನ್ನು ಮತ್ತೊಮ್ಮೆ ನೆಟ್ಟಗೆ ಮಾಡಿ, ಕೈಯಲ್ಲಿದ್ದ ಕೆಸರು ಮೆತ್ತಿದ ಕಟ್ಟನ್ನು ನೋಡಿ "ಇದೇನೇ ಇದು, ಕೆಳಗಿಡು" ಎಂದಳು. ಅವಳು ಕೆಳಗಿಡಲಿಲ್ಲ. ಪಕ್ಕದಲ್ಲಿ ಸಾಣೆ ಮಾಮ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಅವರ ಅಂಗಿಯಿಂದ ಹೊಸ ಬಣ್ಣದ ವಾಸನೆ ಬರುತ್ತಿತ್ತು. ಛಾಯಾಗ್ರಾಹಕ ನಗಿ ಎಂದ. ಮುಂದಕ್ಕೆ ನೋಡುತ್ತಲೇ, ತುಟಿ ಹೆಚ್ಚು ಅಲ್ಲಾಡಿಸದೆ ಅವಳು ಹೇಳಿದಳು: "ಮೊದಲೇ ಗೊತ್ತಿತ್ತು ಮಾಮ."

"ಗೊತ್ತಾಯ್ತು" ಎಂದರು ಮಾಮ, ಅವರೂ ಮುಂದಕ್ಕೆ ನೋಡುತ್ತಲೇ. "ಅಲ್ಲಾಡ್ಬೇಡ, ಫೋಟೊ ಕೆಡುತ್ತೆ." ಭುಜ ಭುಜಕ್ಕೆ ತಾಗಿಯೇ ಇತ್ತು. ಹನ್ನೆರಡನೆಯ ಚೂರನ್ನು ತೇದುಕೊಟ್ಟ ಹಾಗೆ ಇದನ್ನೂ ಅವರು ಯಾರಿಗೂ ಹೇಳದೆ ನುಂಗಿಕೊಳ್ಳಲಿದ್ದರು. ಕ್ಯಾಮೆರಾ ಕ್ಲಿಕ್ಕೆಂದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಅಲ್ಲಿಗೆ ನಿಲ್ಲಿಸಿದ್ದರೆ ಕ್ಷಮೆ ಸಿಕ್ಕಿದ ಹಾಗೆಯೇ ಆಗುತ್ತಿತ್ತು. ಆದರೆ ಮುಕ್ಕಾಲು ಹೇಳಿ ಕಾಲು ಉಳಿಸಿಕೊಂಡು ಪಡೆಯುವ ಕ್ಷಮೆಯೂ ಇನ್ನೊಂದು ಅಡಿಟಿಪ್ಪಣಿಯೇ ಎಂದು ಅವಳಿಗೆ ಅನಿಸಿತು. ಜೀವನದಲ್ಲಿ ಮೊದಲ ಸಲ ಅವಸರವಿಲ್ಲದೆ, ಒಂದೊಂದೇ ಪದ ಹುಡುಕಿ, ಹೇಳಿದಳು.

"ತಂಗಿ ನಿಜವಾಗ್ಲೂ ಕೇಳಿದ್ದಳು ಮಾಮ. ಅಲ್ಲೇ ಮನೆ ತಗೋಬೇಕು ಅಂತ. ನಾನು ಬೇಡ ಅಂದಿದ್ದೆ. ನೀವು ಫೋನ್ ಮಾಡೋಕೆ ಒಂದು ವಾರ ಮುಂಚೆ."

 ಮಾಮನ ಉಸಿರಿನ ಸದ್ದು ಕೇಳುತ್ತಿತ್ತು. ಛಾಯಾಗ್ರಾಹಕ "ಇನ್ನೊಂದು" ಎಂದು ಕೈ ಎತ್ತಿದವನು ಕ್ಯಾಮೆರಾದಿಂದ ಮುಖ ತೆಗೆದು, "ಸರ್, ಮಧ್ಯೆ ಜಾಗ ಬಿಟ್ಟಿದ್ದೀರಿ. ಸ್ವಲ್ಪ ಒತ್ತಿ ನಿಂತ್ಕೊಳ್ಳಿ" ಎಂದ. ಆಗ ಅವಳಿಗೆ ತನ್ನ ಭುಜಕ್ಕೆ ಗಾಳಿ ತಾಗುತ್ತಿರುವುದು ತಿಳಿಯಿತು.

"ಪರವಾಗಿಲ್ಲ, ನಾನು ಇಲ್ಲೇ ನಿಲ್ತೀನಿ" ಎಂದರು ಮಾಮ. ಆಮೇಲೆ ಅವಳ ಕಡೆ ತಿರುಗಿ, ತುಂಬ ಮರ್ಯಾದೆಯಿಂದ, "ಮೇಡಂ, ನೀವು ಮಧ್ಯಕ್ಕೆ ಹೋಗಿ" ಎಂದರು.

ಅವರು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಅವಳು ಉಬ್ಬಿದ ವರದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಧ್ಯಕ್ಕೆ ಹೋಗಿ ನಿಂತಳು.